ಸಹಮ್ ಶಾಖೆಯ ಅಮಾನತು

ಒಮಾನಿನ ಸಹಮ್ ಪೇಟೆಯಲ್ಲಿ ರೋಮ್ ಸಾಮ್ರಾಜ್ಯ ವರ್ಷಕ್ಕೊಮ್ಮೆ ಬೀಳುತ್ತಿತ್ತು. ಬೀಳಿಸುತ್ತಿದ್ದವರು ಪ್ರೇಮನಾಥ ಮಾಸ್ಟ್ರು. ಬೇಸಿಗೆ ರಜೆಗೆ ಮುಂಚಿನ ಕೊನೆಯ ಪಾಠ ಅದು. ಪುಸ್ತಕದಲ್ಲಿ ಇರಲಿಲ್ಲ, ಪರೀಕ್ಷೆಗೂ ಬರುತ್ತಿರಲಿಲ್ಲ. ಆದ್ದರಿಂದಲೇ ಮಕ್ಕಳಿಗೆಲ್ಲ ಬಾಯಿಪಾಠವಾಗಿತ್ತು.

ಕ್ರಿಸ್ತಶಕ ನಾನೂರ ಹತ್ತು. ರೋಮಿನಿಂದ ಬಹುದೂರ, ಸಮುದ್ರದಾಚೆ, ಬ್ರಿಟನ್ ಎಂಬ ಪ್ರಾಂತ. ಮುನ್ನೂರ ಅರವತ್ತು ಚಿಲ್ಲರೆ ವರ್ಷ ಆಳಿದ ರೋಮಿನವರು ಈಗ ಒಂದೊಂದೇ ದಂಡನ್ನು ಬೇರೆ ಕಡೆಯ ಯುದ್ಧಕ್ಕೆ ಎಳೆದುಕೊಂಡು ಹೋಗಿದ್ದಾರೆ. ಇತ್ತ ಕಡಲ ಮೇಲಿಂದ ಕೊಳ್ಳೆಗಾರರು ಬಂದು ಬಂದು ಬಡಿಯುತ್ತಿದ್ದಾರೆ. ಊರುಗಳ ಹಿರಿಯರು ಸೇರಿ ದೊರೆಗೆ ಕಾಗದ ಬರೆದರು: ಸೈನ್ಯ ಕಳಿಸಿ, ಕಾಪಾಡಿ. ದೊರೆ ಹೊನೋರಿಯಸನ ಉತ್ತರ ಬಂತು: ನಿಮ್ಮನ್ನು ನೀವೇ ನೋಡಿಕೊಳ್ಳಿ.

ಈ ದೊರೆಗೆ ಕೋಳಿ ಸಾಕುವ ಮರುಳು ಎಂದು ಒಂದು ಹಳೆಯ ಕತೆ. ಮುದ್ದಿನ ಕೋಳಿಗೆ ರೋಮ್ ಎಂದೇ ಹೆಸರಿಟ್ಟಿದ್ದನಂತೆ. ಶತ್ರುಗಳು ರೋಮ್ ನಗರವನ್ನು ಸೂರೆ ಮಾಡಿದಾಗ ದೂತ ಓಡಿಬಂದು "ರೋಮ್ ಹೋಯಿತು ಪ್ರಭು" ಎಂದನಂತೆ. "ಅಯ್ಯೋ, ಈಗಷ್ಟೇ ನನ್ನ ಕೈಯಿಂದ ಕಾಳು ತಿಂದಿತ್ತಲ್ಲ!" ಎಂದು ದೊರೆ ಗೋಳಾಡಿದನಂತೆ. ಹೋದದ್ದು ಕೋಳಿಯಲ್ಲ, ಊರು ಎಂದು ತಿಳಿದ ಮೇಲೆ ಸಮಾಧಾನದ ಉಸಿರು ಬಿಟ್ಟನಂತೆ. ಈ ಕತೆ ಸತ್ಯವಲ್ಲದಿರಬಹುದು ಎಂದು ಮಾಸ್ಟ್ರು ಪ್ರತಿ ಸಲವೂ ಹೇಳುತ್ತಿದ್ದರು. ಹೇಳಿದ ಮೇಲೆ ಡಸ್ಟರನ್ನು ಕಂಕುಳಲ್ಲಿ ಕೋಳಿಯ ಹಾಗೆ ಅವುಚಿಕೊಂಡು ಗೋಳಾಡುತ್ತಲೂ ಇದ್ದರು. ಮಕ್ಕಳು ಬೆಂಚು ಬಡಿದು ನಗುತ್ತಿದ್ದರು. ಹಿಂದಿನಿಂದ ಅವರಿಗೆ ಕೋಳಿ ಸರ್ ಎಂದೇ ಹೆಸರು.

ನಗು ಇಳಿದ ಮೇಲೆ ಅವರ ಪ್ರಶ್ನೆ ಬರುತ್ತಿತ್ತು. "ಆ ಕಾಗದ ಬ್ರಿಟನ್ನಿಗೆ ಬಂದಾಗ ಊರಿನ ಜನಕ್ಕೆ ಅದನ್ನು ಓದಿ ಹೇಳಿದವ ಒಬ್ಬ ಇದ್ದಿರಬೇಕಲ್ಲ? ಅವ ಎಂತ ಹೇಳಿದ? ಇದ್ದದ್ದು ಇದ್ದ ಹಾಗೆ ಹೇಳಿದನಾ, ಬೆಣ್ಣೆ ಹಚ್ಚಿ ಹೇಳಿದನಾ? ದೊರೆಯ ಹೆಸರು ಉಳಿಯಿತು, ಕೋಳಿಯ ಹೆಸರು ಕೂಡ ಉಳಿಯಿತು. ಓದಿದವನ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ ಮಕ್ಕಳೇ." ಕೊನೆಗೆ ಬೆರಳೆತ್ತಿ, "ಯಾವ ಕಾಗದ ಕೈಗೆ ಬಂದರೂ ಮೊದಲು ತಾರೀಖು ನೋಡಿ. ಆಮೇಲೆ ಯಾರ ಹೆಸರಿಗೆ ಬಂದದ್ದು ನೋಡಿ. ಒಕ್ಕಣೆ ಆಮೇಲೆ" ಎಂದು ಹೇಳಿ ರಜೆ ಕೊಡುತ್ತಿದ್ದರು.

ಹೇಳುವುದು ಸುಲಭ. ಹೇಳಿದ್ದು ತನ್ನ ಬುಡಕ್ಕೇ ಬಂದಾಗ ಏನು ಮಾಡಿದರು ಎಂಬುದೇ ಈ ಕತೆ.

ಪ್ರೇಮನಾಥ ಮಾಸ್ಟ್ರು ಕಿನ್ನಿಗೋಳಿಯವರು. ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಮಸ್ಕತ್ತಿಗೆ ಬಂದವರಿಗೆ ಈಗ ಐವತ್ತೊಂಬತ್ತು. ಜ್ಞಾನತರಂಗ ಎಂಬ ಸಂಸ್ಥೆಯಲ್ಲಿ ಚರಿತ್ರೆಯ ಮೇಷ್ಟ್ರಾಗಿದ್ದರು. ಅಲ್ ಖುವೈರಿನಲ್ಲಿ, ಸಚಿವಾಲಯಗಳ ಬೆನ್ನಿಗಿದ್ದ ಕಟ್ಟಡದ ಎರಡನೆಯ ಮಹಡಿಯಲ್ಲಿ ಅದರ ಪ್ರಧಾನ ಕಚೇರಿ. ಕಾರಣಾಂತರದಿಂದ ಶಾಲೆ ತಪ್ಪಿದ ಮಕ್ಕಳನ್ನು ಕೂರಿಸಿಕೊಂಡು, ಪಾಠ ಹೇಳಿ, ಖಾಸಗಿಯಾಗಿ ಹತ್ತನೆಯ ತರಗತಿಯ ಪರೀಕ್ಷೆಗೆ ಕಟ್ಟಿಸುವುದು ಅದರ ಕೆಲಸ. ಹನ್ನೆರಡು ವರ್ಷದ ಹಿಂದೆ, ಇನ್ನೂರು ಕಿಲೋಮೀಟರ್ ಆಚೆಯ ಸಹಮ್‌ನಲ್ಲಿ ಶಾಖೆ ತೆರೆದು, ಆರು ತಿಂಗಳಿಗೆ ಎಂದು ಮಾಸ್ಟ್ರನ್ನು ಕಳಿಸಿದ್ದರು. ಕರೆಸಿಕೊಳ್ಳಲು ಮರೆತರು. ಕರೆಸಿಕೊಳ್ಳಿ ಎಂದು ಇವರೂ ಕೇಳಲಿಲ್ಲ.

ಯಾಕೆಂದರೆ ಸಹಮ್‌ನಲ್ಲಿ ಅವರು ಮಸ್ಕತ್ತಿನ ಮನುಷ್ಯ. ಮಸ್ಕತ್ತಿನಲ್ಲಿ ಅವರು ಯಾರೂ ಅಲ್ಲ. ಜೂನ್ ತಿಂಗಳ ಬೆಂಕಿಯಲ್ಲೂ ಟೈ ಕಟ್ಟುತ್ತಿದ್ದರು. 'ಪ್ರಧಾನ ಕಚೇರಿ: ಅಲ್ ಖುವೈರ್' ಎಂದು ಬರೆದ ಬೋರ್ಡನ್ನು ದಿನಾ ತಾವೇ ಒರೆಸುತ್ತಿದ್ದರು. ತಿಂಗಳಿಗೊಮ್ಮೆ ಮೂರು ಪ್ರತಿ ವರದಿ ಬರೆದು ಕಳಿಸುತ್ತಿದ್ದರು. ಅಲ್ಲಿ ಅದನ್ನು ನಾಯಿಯೂ ಮೂಸುತ್ತಿರಲಿಲ್ಲ. ಏನೇ ಕೇಳಿದರೂ "ಮಸ್ಕತ್ತಿಗೆ ಬರೆದಿದ್ದೇನೆ" ಎನ್ನುವುದು ಅವರ ಮಂತ್ರವಾಗಿತ್ತು. ಏಸಿ ಕೆಟ್ಟರೆ ಮಸ್ಕತ್ತಿಗೆ ಬರೆದಿದ್ದೇನೆ, ನಲ್ಲಿ ಸೋರಿದರೆ ಮಸ್ಕತ್ತಿಗೆ ಬರೆದಿದ್ದೇನೆ. ಕೊನೆಗೆ ನಲ್ಲಿ ಸರಿಮಾಡುತ್ತಿದ್ದವನು ಕೆಳಗಿನ ಅಂಗಡಿಯ ಯೂಸುಫ್.

ಯೂಸುಫ್ ಉಪ್ಪಿನಂಗಡಿ ಕಡೆಯ ಬ್ಯಾರಿ. ಶಾಖೆಯ ಮೂರು ಕೋಣೆಗಳ ಕೆಳಗೆ ಅವನ ಗ್ರೋಸರಿ. ನಾಲ್ಕು ವರ್ಷದ ಹಿಂದೆ ಶಾಹೀನ್ ಚಂಡಮಾರುತ ಬಂದಾಗ ಗಲ್ಲಾದ ಮಟ್ಟಕ್ಕೆ ನೀರು ನಿಂತು ಅಕ್ಕಿ, ಬೇಳೆ, ಫ್ರಿಜ್ಜು ಎಲ್ಲ ಹೋಯಿತು. ಆ ಕೆಸರಿನ ಗೆರೆ ಇನ್ನೂ ಗೋಡೆಯ ಮೇಲಿದೆ. ಆಗಲೇ ಮಗಳು ರಝಿಯಾಳ ಶಾಲೆಯೂ ನಿಂತದ್ದು. ಎರಡು ವರ್ಷ ಹುಡುಗಿ ಅಂಗಡಿಯಲ್ಲಿ ಮೊಟ್ಟೆ ಎಣಿಸಿಕೊಂಡು ಕೂತಿದ್ದಳು. ಒಂದು ದಿನ ಮಾಸ್ಟ್ರು ಟೀಪುಡಿಗೆ ಬಂದವರು ಅವಳ ಕೈಯಲ್ಲಿದ್ದ ಹಳೆಯ ವಿಜ್ಞಾನದ ಪುಸ್ತಕ ನೋಡಿದರು. ನಾಲ್ಕು ಪ್ರಶ್ನೆ ಕೇಳಿದರು. ಆಮೇಲೆ ಯೂಸುಫ್‌ನಿಗೆ, "ಇವಳನ್ನು ನನ್ನ ಹತ್ತಿರ ಬಿಡಿ. ಇವಳ ಜವಾಬ್ದಾರಿ ನನ್ನದು" ಎಂದರು. ನಾನು ಮಾಸ್ಟ್ರನ್ನು ಎಷ್ಟೇ ಬೈದರೂ ಈ ಒಂದು ಮಾತಿಗೆ ಕೈಮುಗಿಯಬೇಕು. ಅವತ್ತಿನಿಂದ ಅಂಗಡಿಯಲ್ಲಿ ಮಾಸ್ಟ್ರಿಗೆಂದೇ ಒಂದು ಗಾಜಿನ ಲೋಟ ಬಂತು. ಗಿರಾಕಿಗಳಿಗೆ ಕಾಗದದ ಕಪ್ಪು, ಮಾಸ್ಟ್ರಿಗೆ ಲೋಟ. ಬೇರೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ.

ಯೂಸುಫ್ ಬರುವ ಮೇ ತಿಂಗಳಿಗೆ ಅಂಗಡಿ ಮುಚ್ಚಿ ಸಂಸಾರ ಸಮೇತ ಊರಿಗೆ ಮರಳುವವನಿದ್ದ. ಏಪ್ರಿಲಿನಲ್ಲಿ ರಝಿಯಾ ಹತ್ತನೆಯದನ್ನು ಪಾಸು ಮಾಡಿದರೆ ಜೂನಿನಲ್ಲಿ ಮಂಗಳೂರಿನಲ್ಲಿ ಪಿಯುಸಿ, ವಿಜ್ಞಾನ. ಮಾಮಿಯ ಮನೆಯಲ್ಲಿ ಅವಳಿಗೆ ಮೇಜು ಕೂಡ ಖಾಲಿ ಮಾಡಿಟ್ಟಿದ್ದರು.

ಸೆಪ್ಟೆಂಬರ್ ಮೂರನೆಯ ತಾರೀಖು, ಬುಧವಾರ, ಪ್ರಧಾನ ಕಚೇರಿಯಿಂದ ಮಾಸ್ಟ್ರ ಹೆಸರಿಗೆ ಕಾಗದ ಬಂತು. ಸಹಮ್ ಶಾಖೆಯನ್ನು ಈ ಕೂಡಲೆ ಅಮಾನತಿನಲ್ಲಿ ಇಡಲಾಗಿದೆ. ಮುಂದಿನ ವ್ಯವಸ್ಥೆಯನ್ನು ಶಾಖೆಯವರೇ ನೋಡಿಕೊಳ್ಳತಕ್ಕದ್ದು. ಜೊತೆಗೆ ಒಂದು ಫಾರ್ಮು. ಪರೀಕ್ಷೆಗೆ ಕಟ್ಟುವ ಹತ್ತೂ ಮಕ್ಕಳ ಹೆಸರು ಬರೆದು, ಸಹಿ ಹಾಕಿ, ಸೆಪ್ಟೆಂಬರ್ ಮೂವತ್ತರೊಳಗೆ ಕಳಿಸಿದರೆ ಪಕ್ಕದ ಪೇಟೆ ಸೊಹಾರಿನ ಇನ್ನೊಂದು ಕೇಂದ್ರ ಅವರನ್ನು ತೆಗೆದುಕೊಳ್ಳುತ್ತದೆ. ತಪ್ಪಿದರೆ ಈ ವರ್ಷದ ಪರೀಕ್ಷೆ ಇಲ್ಲ.

ನಿಮ್ಮನ್ನು ನೀವೇ ನೋಡಿಕೊಳ್ಳಿ. ಇಷ್ಟು ವರ್ಷ ಪಾಠ ಹೇಳಿದ ಮನುಷ್ಯನಿಗೆ ಆ ಸಾಲು ಗುರುತು ಸಿಗಲಿಲ್ಲವೇ? ಸಿಕ್ಕಿತು. ಓದುತ್ತಲೇ ಒಮ್ಮೆ ನಕ್ಕರು. ಆಮೇಲೆ ಕಾಗದವನ್ನು ಇನ್ನೊಮ್ಮೆ ಓದಿದರು. ಅಲ್ ಖುವೈರ್ ಕಚೇರಿಗೆ ಫೋನು ಮಾಡಿದರು. ಎತ್ತಿದವನು ಕಿಶೋರ್, ಆ ಕಾಗದ ಟೈಪು ಮಾಡಿದ ಮೈಸೂರಿನ ಹುಡುಗ.

"ಡೈರೆಕ್ಟರ್ ಇದ್ದಾರಾ ಕಿಶೋರ್?"

"ಇಂಡಿಯಾಗೆ ಹೋಗಿದ್ದಾರೆ ಸಾರ್. ತಿಂಗಳ ಕೊನೇಲಿ ಬರ್ತಾರಂತೆ. ನೀವು ಆ ಫಾರ್ಮ್ ಮೊದ್ಲು ಕಳಿಸ್ಬಿಡಿ ಸಾರ್. ಉಳಿದಿದ್ದು ಆಮೇಲೆ ನೋಡ್ಕೊಳ್ಳೋಣ."

ಉಳಿದಿದ್ದು ಆಮೇಲೆ ಎಂಬಷ್ಟೇ ಮಾತನ್ನು ಮಾಸ್ಟ್ರು ಹಿಡಿದುಕೊಂಡರು. ಅವರ ಲೆಕ್ಕ ಹೀಗಿತ್ತು: ಮಕ್ಕಳನ್ನು ಸೊಹಾರಿಗೆ ದಾಟಿಸಿಬಿಟ್ಟರೆ ಶಾಖೆಯನ್ನು ಉಳಿಸಿ ಎಂದು ಕೇಳಲು ತನ್ನ ಕೈಯಲ್ಲಿ ಏನು ಉಳಿಯಿತು? ಹತ್ತು ಮಕ್ಕಳು ಇಲ್ಲೇ ಇದ್ದರೆ ಡೈರೆಕ್ಟರು ಬಂದು ಮನಸ್ಸು ಬದಲಾಯಿಸಲೇಬೇಕು. ಮಕ್ಕಳನ್ನು ಒತ್ತೆಯಿಟ್ಟು ಬೋರ್ಡು ಉಳಿಸುವ ಲೆಕ್ಕ ಇದು. ಅವರು ಇದಕ್ಕೆ ಹೋರಾಟ ಎಂದು ಹೆಸರು ಕೊಟ್ಟುಕೊಂಡರು. ಫಾರ್ಮಿಗೆ ಸಹಿ ಹಾಕಲಿಲ್ಲ. ಕಾಗದ, ಫಾರ್ಮು ಎರಡನ್ನೂ ಹಾಜರಿ ಪುಸ್ತಕದ ಹಿಂದಿನ ರಟ್ಟಿನೊಳಗೆ ತುರುಕಿದರು.

ಆದರೂ ಪೋಷಕರಿಗೆ ಹೇಳದೆ ಇರಲು ಮನಸ್ಸು ಒಪ್ಪಲಿಲ್ಲ. ಶುಕ್ರವಾರ ನಮಾಜ್ ಮುಗಿದ ಮೇಲೆ ಎಲ್ಲರನ್ನೂ ಮೇಲಿನ ಕೋಣೆಗೆ ಕರೆದರು. ಹೆಚ್ಚಿನವರು ಬ್ಯಾರಿಗಳೇ. ಹೇಗೆ ಹೇಳಬೇಕೆಂದು ಬೆಳಗಿನಿಂದ ಅಭ್ಯಾಸ ಮಾಡಿದ್ದರು. ಎದುರಿಗೆ ನಿಂತಾಗ ಅಭ್ಯಾಸ ಮಾಡಿದ್ದೆಲ್ಲ ಹಾರಿಹೋಗಿ ಕಾಗದದ ಭಾಷೆಯೇ ಬಾಯಿಗೆ ಬಂತು.

"ಮಸ್ಕತ್ತಿನಿಂದ ಕಾಗದ ಬಂದಿದೆ. ನಮ್ಮ ಸಹಮ್ ಶಾಖೆಯನ್ನು ಅಮಾನತಿನಲ್ಲಿ ಇಟ್ಟಿದ್ದಾರೆ."

ಯೂಸುಫ್‌ನ ಹೆಂಡತಿ ಐಶಮ್ಮ, "ಅಲ್‌ಹಂದುಲಿಲ್ಲಾ!" ಎಂದಳು.

ಮಾಸ್ಟ್ರು ಕಣ್ಣು ಬಿಟ್ಟರು.

"ಅಮಾನತ್ ಅಂತ ಇಟ್ಟದ್ದಾದ್ರೆ ಇನ್ನು ಹೆದರಿಕೆ ಇಲ್ಲ. ಎಂತೆಂತದೋ ಸುದ್ದಿ ಕೇಳಿ ನನಗೆ ಎದೆ ಹೊಡ್ಕೊಳ್ತಾ ಇತ್ತು ಮಾಸ್ಟ್ರೇ. ಅಮಾನತ್ ಮುಟ್ಟಿದವ ಉದ್ಧಾರ ಆಗ್ಲಿಕ್ಕುಂಟಾ?"

ಊರಿನ ಪೇಪರು ಓದುವವರಾಗಿದ್ದರೆ ತಿಳಿಯುತ್ತಿತ್ತು. ಲಂಚ ತಿಂದ ಪೊಲೀಸು ಅಮಾನತು, ಕುಡಿದು ಬಂದ ಮೇಷ್ಟ್ರು ಅಮಾನತು ಎಂದು ಅದರಲ್ಲಿ ದಿನಾ ಬರುತ್ತದೆ. ಇವರೋ ಮದರಸದಲ್ಲಿ ಆ ಶಬ್ದ ಕಲಿತವರು, ಹೊರಗೆ ಅರಬರ ಬಾಯಲ್ಲಿ ಅದನ್ನೇ ಕೇಳುವವರು. ಅವರಿಗೆ ಅಮಾನತ್ ಎಂದರೆ ನಂಬಿ ಒಪ್ಪಿಸಿದ್ದು, ಜೀವ ಹೋದರೂ ಕಾಯಬೇಕಾದ್ದು. ಮಸ್ಕತ್ತಿನ ದೊಡ್ಡವರು ತಮ್ಮ ಮಕ್ಕಳ ಶಾಲೆಯನ್ನು ಅಷ್ಟು ಭದ್ರವಾಗಿ ಇಟ್ಟಿದ್ದಾರೆ ಎಂದು ಅವರು ನಂಬಿದರು. ಶಾಖೆ ಮುಚ್ಚುತ್ತದಂತೆ ಎಂಬ ಗಾಳಿಸುದ್ದಿಗೆ ಎರಡು ವಾರದಿಂದ ಬಾಡಿದ್ದ ಮುಖಗಳು ಅರಳಿದವು. ಯಾರೋ ಮಾಸ್ಟ್ರ ಕೈ ಕುಲುಕಿದರು. ಯೂಸುಫ್ ಕೆಳಗೆ ಓಡಿ ಜ್ಯೂಸಿನ ಪೆಟ್ಟಿಗೆಯನ್ನೇ ಹೊತ್ತು ತಂದ.

ಮಾಸ್ಟ್ರಿಗೆ ಗೊತ್ತಾಗಲಿಲ್ಲವೆಂದು ಯಾರೂ ಹೇಳಬೇಡಿ. ಹನ್ನೆರಡು ವರ್ಷ ಆ ಜನರ ಚಾ ಕುಡಿದವರು; ಅಲ್‌ಹಂದುಲಿಲ್ಲಾ ಕಿವಿಗೆ ಬಿದ್ದ ಕ್ಷಣವೇ ಅವರಿಗೆ ಎಲ್ಲ ತಿಳಿಯಿತು. ಬಾಯಿ ತೆರೆದರು. "ಹಾಗಲ್ಲ ಐಶಮ್ಮ" ಎಂಬ ಎರಡೇ ಶಬ್ದ ಸಾಕಿತ್ತು. ಅಷ್ಟರಲ್ಲಿ ಯೂಸುಫ್ ಜ್ಯೂಸಿನ ಬಾಟಲಿ ಕೈಗಿಟ್ಟು, "ನೀವು ಇರುವಾಗ ನಮಗೆಂತ ಮಾಸ್ಟ್ರೇ" ಎಂದ. ಮಾಸ್ಟ್ರು ಬಾಟಲಿಯ ಮುಚ್ಚಳ ತಿರುಗಿಸಿದರು. ತೆರೆದ ಬಾಯಿಗೆ ಜ್ಯೂಸು ಹೋಯಿತು, ಮಾತು ಹೊರಗೆ ಬರಲಿಲ್ಲ.

ಮಾತು ಬೆಳ್ಳಿ, ಮೌನ ಬಂಗಾರ ಎಂದವನು ಆ ಶುಕ್ರವಾರ ಸಹಮ್‌ನಲ್ಲಿ ಇರಬೇಕಿತ್ತು. ಚಪ್ಪಲಿಯನ್ನು ಕೈಗೆತ್ತಿಕೊಳ್ಳುತ್ತಿದ್ದ.

ಆಮೇಲಿನ ದಿನಗಳಲ್ಲಿ ಮಾಸ್ಟ್ರು ತಮಗೆ ತಾವೇ ವಕೀಲರಾದರು. ನಾನು ಸುಳ್ಳು ಹೇಳಲಿಲ್ಲ. ಕಾಗದದಲ್ಲಿದ್ದ ಶಬ್ದವನ್ನೇ ಹೇಳಿದೆ. ಅವರು ತಪ್ಪು ತಿಳಿದರೆ ಅದು ಅವರ ಭಾಷೆ. ಹೇಗೂ ಡೈರೆಕ್ಟರು ಬಂದಮೇಲೆ ಎಲ್ಲ ಸರಿಯಾಗುತ್ತದೆ, ಆಗ ಅವರು ತಿಳಿದದ್ದೇ ನಿಜವಾಗುತ್ತದೆ. ಇಪ್ಪತ್ತನೆಯ ತಾರೀಖು ಕಿಶೋರನೇ ಫೋನು ಮಾಡಿ ಫಾರ್ಮು ಬಂದಿಲ್ಲವಲ್ಲ ಎಂದು ಕೇಳಿದ. "ತಯಾರಾಗ್ತಾ ಉಂಟು" ಎಂದರು. ಇಪ್ಪತ್ತೆಂಟಕ್ಕೆ ಮತ್ತೆ ಮಾಡಿದ. ಫೋನು ಎತ್ತಲಿಲ್ಲ. ಮೂವತ್ತನೆಯ ತಾರೀಖು ಮಂಗಳವಾರ ಬಂತು, ಹೋಯಿತು. ರಝಿಯಾ ಅವತ್ತು ಬೆಳಕಿನ ವಕ್ರೀಭವನದ ಚಿತ್ರ ಬಿಡಿಸಿ ತೋರಿಸಿದಳು. ಮಾಸ್ಟ್ರು 'ಗುಡ್' ಎಂದು ಬರೆದು ಸಹಿ ಹಾಕಿದರು. ಹಾಕಬೇಕಾದ ಸಹಿ ಬೇರೆ ಕಡೆ ಇತ್ತು.

ಅಕ್ಟೋಬರ್ ಐದು, ಭಾನುವಾರ, ಬೆಳಗಿನ ಬಸ್ಸು ಹಿಡಿದು ಟೈ ಕಟ್ಟಿಕೊಂಡು ಅಲ್ ಖುವೈರಿಗೆ ಹೋದರು. ಹನ್ನೆರಡು ವರ್ಷದ ವರದಿಗಳ ಪ್ರತಿಗಳು ಚೀಲದಲ್ಲಿದ್ದವು. ಎರಡನೆಯ ಮಹಡಿ ಹತ್ತಿದಾಗ ಬಾಗಿಲ ಪಕ್ಕದಲ್ಲಿ ಬೋರ್ಡು ಇರಲಿಲ್ಲ. ಬೋರ್ಡಿನ ನಾಲ್ಕು ಮೊಳೆ ತೂತುಗಳಿದ್ದವು. ಒಳಗೆ ಇಬ್ಬರು ಏಸಿ ಬಿಚ್ಚುತ್ತಿದ್ದರು. ಕಿಶೋರ್ ಒಬ್ಬನೇ ಒಂದು ರಟ್ಟಿನ ಪೆಟ್ಟಿಗೆಗೆ ಟೇಪು ಸುತ್ತುತ್ತಿದ್ದ.

"ಖಲಾಸ್ ಸಾರ್," ಎಂದ. "ಡೈರೆಕ್ಟರ್ ವಾಪಸ್ ಬರ್ಲೇ ಇಲ್ಲ. ನಂಗೂ ನಾಳೆಯಿಂದ ಬೇರೆ ಕಡೆ ಕೆಲ್ಸ."

"ಮಕ್ಕಳು?" ಎಂದರು ಮಾಸ್ಟ್ರು. ಒಂದು ತಿಂಗಳಲ್ಲಿ ಮೊದಲ ಸಲ ಅವರ ಬಾಯಲ್ಲಿ ಶಾಖೆಗೆ ಮುಂಚೆ ಮಕ್ಕಳು ಬಂದರು.

"ಬೇರೆ ಬ್ರ್ಯಾಂಚ್‌ಗಳದ್ದೆಲ್ಲ ಟ್ರಾನ್ಸ್‌ಫರ್ ಆಯ್ತು ಸಾರ್. ನಿಮ್ಮ ಹತ್ತು ಮಕ್ಕಳಿಗೆ ಸೊಹಾರಿನವರು ಸೀಟು ಇಟ್ಕೊಂಡು ಕಾಯ್ತಾ ಇದ್ರು. ಮೂವತ್ತನೇ ತಾರೀಖು ಸಾಯಂಕಾಲದ ತನಕ ನಾನೇ ತಡೆದಿಟ್ಟಿದ್ದೆ. ಒಂದು ಸಹಿ ಸಾರ್. ಒಂದೇ ಒಂದು ಸಹಿ."

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಕೋಟೆಯೇ ಮಣ್ಣಾಗಿತ್ತು, ದೊರೆ ಓಡಿಹೋಗಿದ್ದ. ಹಾಗಿದ್ದೂ ಆ ಹಾಳು ಕೋಟೆ ಕೊನೆಯ ಗಳಿಗೆಯಲ್ಲಿ ಮಕ್ಕಳಿಗೆಂದು ಒಂದು ದಿಡ್ಡಿ ತೆರೆದಿಟ್ಟಿತ್ತು. ಅದನ್ನು ಒಳಗಿನಿಂದ ಅಗುಳಿ ಹಾಕಿದವರು ಪ್ರೇಮನಾಥ ಮಾಸ್ಟ್ರು. ಸೊಹಾರಿನ ಕೇಂದ್ರಕ್ಕೆ ಅಲ್ಲಿಂದಲೇ ಫೋನು ಮಾಡಿ ಬೇಡಿದರು. ಪಟ್ಟಿ ಹೋಗಿ ಆಯಿತು, ಮುಂದಿನ ವರ್ಷ ನೋಡೋಣ ಎಂದರು ಆ ಕಡೆಯವರು.

ಮರುದಿನ ಸಂಜೆ ತರಗತಿಗೆ ಬಂದರು. ಹತ್ತೂ ಮಕ್ಕಳು ಕೂತಿದ್ದರು. ಇವತ್ತು ಹೇಳಿಯೇಬಿಡಬೇಕು ಎಂದು ಗಟ್ಟಿ ಮನಸ್ಸು ಮಾಡಿದ್ದರು. ಬಾಯಿ ತೆರೆದಾಗ ಬಂದದ್ದು, "ಕ್ರಿಸ್ತಶಕ ನಾನೂರ ಹತ್ತು..."

ಅಕ್ಟೋಬರಿನಲ್ಲಿ ರೋಮ್ ಬೀಳುವುದು ಮಕ್ಕಳಿಗೆ ವಿಚಿತ್ರವೆನಿಸಿತು. ಆದರೂ ಕೋಳಿಗಾಗಿ ಕಾದರು. ಮಾಸ್ಟ್ರು ಕೋಳಿಯನ್ನು ಬಿಟ್ಟೇಬಿಟ್ಟರು. ಡಸ್ಟರು ಮೇಜಿನ ಮೇಲೆ ಇದ್ದಲ್ಲೇ ಇತ್ತು. ದಂಡು ಹೋದದ್ದು, ಜನ ಬರೆದದ್ದು, ಉತ್ತರ ಬಂದದ್ದು ಎಲ್ಲ ಒಂದೇ ಉಸಿರಿನಲ್ಲಿ ಹೇಳಿದರು. "ಓದಿದವನಿಗೂ ಆಸೆ ಇದ್ದಿರಬಹುದು ಮಕ್ಕಳೇ. ಸೈನ್ಯ ತಿರುಗಿ ಬರುತ್ತದೆ ಎಂದು ಅವನೂ ನಂಬಿರಬಹುದು. ಅವನು ಕೆಟ್ಟವನೇ ಆಗಬೇಕೆಂದಿಲ್ಲ. ಅವನ ಹೆಸರು ಕೂಡ ನಮಗೆ..."

"ಗೊತ್ತುಂಟು ಸರ್."

ರಝಿಯಾ ಎದ್ದು ನಿಂತಿದ್ದಳು. ಹಾಜರಿ ಕೂಗುವುದು ಅವಳ ಕೆಲಸ. ನಿನ್ನೆ ಮಾಸ್ಟ್ರು ಇಲ್ಲದಾಗಲೂ ಪುಸ್ತಕ ತೆಗೆದು ಹಾಜರಿ ಹಾಕಿದ್ದಳು. ಹಿಂದಿನ ರಟ್ಟು ಉಬ್ಬಿದ್ದು ನೋಡಿದ್ದಳು. ಈಗ ಅವಳ ಕೈಯಲ್ಲಿ ಆ ಕಾಗದವೂ ಫಾರ್ಮೂ ಇದ್ದವು.

"ಮೊದಲು ತಾರೀಖು ನೋಡಿದೆ ಸರ್, ನೀವು ಹೇಳಿದ ಹಾಗೆ. ಸೆಪ್ಟೆಂಬರ್ ಮೂರು. ಆಮೇಲೆ ಯಾರ ಹೆಸರಿಗೆ ಅಂತ ನೋಡಿದೆ." ಮೇಲಿನ ಸಾಲಿನ ಮೇಲೆ ಬೆರಳಿಟ್ಟಳು. "ನಿಮ್ಮ ಹೆಸರು ಮೇಲೆಯೇ ಬರ್ದಿದ್ದಾರೆ."

ಯಾರೂ ನಗಲಿಲ್ಲ. ಹುಡುಗಿ ಅಳುತ್ತಿದ್ದಳೇ ಹೊರತು ಕೂರಲಿಲ್ಲ. ಮಾಸ್ಟ್ರು ಅವಳ ಮುಖ ನೋಡಲಾರದೆ ಫಾರ್ಮನ್ನೇ ನೋಡಿದರು. ಹತ್ತು ಖಾಲಿ ಸಾಲುಗಳು, ಕೆಳಗೆ ಸಹಿಗೆ ಒಂದು ಗೆರೆ. ಅವಮಾನದಿಂದ ಅವರ ಮೈಯೆಲ್ಲ ಸುಟ್ಟಿತು. ಅದಕ್ಕಿಂತ ಹೆಚ್ಚಾಗಿ, ಈ ಹುಡುಗಿ ನಾನು ಹೇಳಿಕೊಟ್ಟದ್ದನ್ನು ನನಗಿಂತ ಚೆನ್ನಾಗಿ ಕಲಿತಿದ್ದಾಳೆ ಎಂಬ ದುಃಖ.

ಅವಳನ್ನು ಕರೆದುಕೊಂಡು ಕೆಳಗೆ ಅಂಗಡಿಗೆ ಇಳಿದರು. ಯೂಸುಫ್ ಈರುಳ್ಳಿ ಆರಿಸುತ್ತಿದ್ದ. ಈ ಸಲ ಬೆಣ್ಣೆ ಹಚ್ಚದೆ ಎಲ್ಲ ಹೇಳಿದರು: ಕಾಗದ, ಫಾರ್ಮು, ಮೂವತ್ತನೆಯ ತಾರೀಖು, ಮೊಳೆ ತೂತು. ಏಪ್ರಿಲಿನಲ್ಲಿ ಪರೀಕ್ಷೆ ಇಲ್ಲ ಎಂಬುದನ್ನೂ ಹೇಳಿದರು. ಕೊನೆಗೆ, ಯಾಕೆ ಹೇಳಿದರೋ ಅವರಿಗೇ ಗೊತ್ತು, "ಆ ದಿನ ನಿಮಗೆ ತಪ್ಪು ತಿಳಿಯಿತು ಯೂಸುಫ್. ಕನ್ನಡದಲ್ಲಿ ಅಮಾನತು ಅಂದರೆ ನಿಲ್ಲಿಸಿದ್ದು ಅಂತ" ಎಂದರು.

ಯೂಸುಫ್ ಕೊಳೆತ ಈರುಳ್ಳಿಯೊಂದನ್ನು ಬುಟ್ಟಿಗೆ ಹಾಕಿದ. ಇನ್ನೊಂದನ್ನು ಎತ್ತಿ ತಿರುಗಿಸಿ ನೋಡಿದ.

"ಹಾಗಾ?" ಎಂದ. "ನಾನು ಓದಿದ್ದು ನಾಲ್ಕನೇ ಕ್ಲಾಸು ಮಾಸ್ಟ್ರೇ. ನಿಮ್ಮ ಕನ್ನಡ ನನಗೆ ಗೊತ್ತಿಲ್ಲ. ನಮ್ಮಲ್ಲಿ ಅಮಾನತ್ ಅಂದ್ರೆ ಒಬ್ಬ ನಂಬಿ ಇನ್ನೊಬ್ಬನ ಕೈಲಿ ಇಡುವುದು. ಮಸ್ಕತ್ತಿನವರು ಎಲ್ಲಿ ಎಂತ ಇಟ್ರು ಅಂತ ನನಗೆಂತ ಗೊತ್ತು? ನಾನು ಇಟ್ಟದ್ದು ನಿಮ್ಮ ಹತ್ರ." ರಝಿಯಾಳ ಕಡೆ ಗಲ್ಲ ಎತ್ತಿದ. "ಇವಳನ್ನು."

ಹುಡುಗಿ ಒಳಗೆ ಹೋಗಿ ಮೊಟ್ಟೆಯ ಟ್ರೇಗಳ ಹಿಂದೆ ತನ್ನ ಹಳೆಯ ಸ್ಟೂಲಿನ ಮೇಲೆ ಕೂತಳು.

ಬೈಯಲಿ, ಕೊರಳಪಟ್ಟಿ ಹಿಡಿಯಲಿ ಎಂದು ಮಾಸ್ಟ್ರು ಕಾದರು. ಹಾಗೆ ಮಾಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಯೂಸುಫ್ ಮರ್ಯಾದಸ್ಥ, ಬಾಗಿಲಿಗೆ ಬಂದವರನ್ನು ಹಾಗೇ ಕಳಿಸುವವನಲ್ಲ. ಎದ್ದು ಫ್ಲಾಸ್ಕಿನಿಂದ ಚಾ ಬಗ್ಗಿಸಿ, "ಕುಡೀರಿ" ಎಂದು ಕೈಗೆ ಕೊಟ್ಟ. ಗಾಜಿನ ಲೋಟ ಅದರ ಜಾಗದಲ್ಲೇ, ಶೆಲ್ಫಿನ ಮೇಲೆ ತೊಳೆದು ಕವುಚಿಟ್ಟಿತ್ತು. ಕೊಟ್ಟದ್ದು ಕಾಗದದ ಕಪ್ಪಿನಲ್ಲಿ.